ಮುಷ್ಕರದ ಹಿಂದಿನ ಮಧ್ಯಾಹ್ನ

ಕೊಡಗು ಇನ್ನೂ ತನ್ನದೇ ಮಂತ್ರಿಗಳಿದ್ದ ಪ್ರತ್ಯೇಕ ರಾಜ್ಯವಾಗಿದ್ದ ಕಾಲವದು. ಮಡಿಕೇರಿಯ ಬಸ್ ನಿಲ್ದಾಣದ ಎದುರಿನ ತಿಂಡಿ ಹೋಟೆಲಿನಲ್ಲಿ ಕೆಲಸಗಾರರು ಸೇರಿ ಸಂಘವೊಂದನ್ನು ಕಟ್ಟಿದರು. ಆಗ ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಸಂಘದ ಅರ್ಜಿ, ನಿರ್ಣಯಗಳನ್ನು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಮೈಸೂರಿನ ಬಸ್ಸು ನಿಂತು ಹೊರಡುವಷ್ಟರಲ್ಲಿ ಪ್ರಯಾಣಿಕರಿಗೆಲ್ಲ ಬಿಸಿ ದೋಸೆ, ಕಾಫಿ ಮುಗಿದಿರಬೇಕು. ಆ ಹೋಟೆಲಿನ ಹೆಸರು ನಿಂತಿದ್ದೇ ಆ ಚುರುಕಿನ ಮೇಲೆ. ಆ ಚುರುಕು ಯಾರ ಮೈಯಿಂದ ಬರುತ್ತದೆಂದು ಊರು ಕೇಳಲಿಲ್ಲ. ಸಪ್ಲೈಯರುಗಳು ಘಟ್ಟದ ಕೆಳಗಿನಿಂದ ಬಂದವರು. ಹಗಲೆಲ್ಲ ಒರೆಸಿದ ಮೇಜುಗಳ ಮೇಲೆಯೇ ರಾತ್ರಿ ಮಲಗುತ್ತಿದ್ದರು. ವಾರದ ರಜೆಯೆಂಬುದಿರಲಿಲ್ಲ. ಲೋಟ ಒಡೆದರೆ ಸಂಬಳದಲ್ಲಿ ಹಿಡಿಯುತ್ತಿದ್ದರು. ಜ್ವರ ಹಿಡಿದವನನ್ನು ಔಷಧಿಯ ಬದಲು ಸಂಪಾಜೆ ಘಾಟಿ ಇಳಿಯುವ ಬಸ್ಸಿಗೆ ಹತ್ತಿಸುತ್ತಿದ್ದರು. ಇಷ್ಟನ್ನೂ ಹೋಟೆಲಿನ ಸಾಹುಕಾರರು ಅನ್ನದ ಋಣವೆಂದು ಕರೆಯುತ್ತಿದ್ದರು. ನಾನು ಅದನ್ನು ಅನ್ಯಾಯವೆಂದು ಕರೆದೆ. ಇಂದಿಗೂ ಹಾಗೆಯೇ ಕರೆಯುತ್ತೇನೆ.

ಹಿತ್ತಿಲಲ್ಲಿ ಇನ್ನೊಂದು ಅನ್ಯಾಯವಿತ್ತು, ಅದನ್ನು ನಮ್ಮ ಅರ್ಜಿಯೂ ಹೇಳಲಿಲ್ಲ. ಶನಿವಾರಸಂತೆ ಕಡೆಯ ವಿಧವೆಯೊಬ್ಬಳು ಅಲ್ಲಿ ಒರಳುಕಲ್ಲಿನ ಮುಂದೆ ಕುಳಿತು ದೋಸೆಯ ಹಿಟ್ಟು ರುಬ್ಬುತ್ತಿದ್ದಳು. ಅವಳು ರುಬ್ಬಿದ ಹಿಟ್ಟು ಅಡುಗೆಮನೆಯ ಹೊಸ್ತಿಲು ದಾಟುತ್ತಿತ್ತು, ಅವಳು ದಾಟುವಂತಿರಲಿಲ್ಲ. ಕೂಲಿ ಗಂಡಸರ ಸಂಬಳದ ಅರ್ಧಕ್ಕೂ ಕಡಿಮೆ. ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಮಗಳೊಡನೆ ವಾಸ. ಮಗಳು ನನ್ನ ತರಗತಿಯವಳು. ಆ ಮಗಳ ಓದಿಗಾಗಿಯೇ ತಾಯಿ ಮಡಿಕೇರಿಯನ್ನು ಬಿಡದೆ ಹಿಡಿದಿದ್ದಳು. ಸಂಘಕ್ಕೆ ಸೇರುವೆಯಾ ಎಂದು ಕೇಳಿದಾಗ ಮೊದಲು ಹೆಬ್ಬೆಟ್ಟು ಒತ್ತಿದವಳೂ ಅವಳೇ.

ವಾರದ ರಜೆ, ಮಲಗಲು ಒಂದು ಕೋಣೆ: ಬೇಡಿಕೆ ಇಷ್ಟೇ ಇತ್ತು. ಸಾಹುಕಾರರು ಒಪ್ಪದಿದ್ದಾಗ ಮುಷ್ಕರದ ನಿರ್ಣಯವಾಯಿತು. ಕೆಲಸಗಾರರಿಗೆ ಆ ಮೇಜುಗಳನ್ನು ಬಿಟ್ಟರೆ ಮಲಗಲು ಬೇರೆ ಜಾಗವಿಲ್ಲ. ಮಡಿಕೇರಿಯ ಚಳಿಯಲ್ಲಿ ಬೀದಿಯಲ್ಲಿ ರಾತ್ರಿ ಕಳೆಯುವಂತಿಲ್ಲ. ಆದ್ದರಿಂದ ಕತ್ತಲಾಗುವುದರೊಳಗೆ ಗೆಲ್ಲಬೇಕಿತ್ತು. ಬಸ್ಸಿನಲ್ಲಿ ಬಂದವರು ಬಾಗಿಲು ಮುಚ್ಚಿದ್ದನ್ನು ಕಂಡು ಪಕ್ಕದ ಹೋಟೆಲಿಗೆ ಹೋದರೆ ಒಂದೇ ಹಗಲಿನಲ್ಲಿ ಸಾಹುಕಾರರು ಮಣಿಯುವರೆಂದು ಎಲ್ಲರೂ ನಂಬಿದ್ದರು.

ಬಾಗಿಲು ಮುಚ್ಚಲಿಲ್ಲ. ಮುಷ್ಕರದ ದಿನ ಬೆಳಿಗ್ಗೆ ಸಾಹುಕಾರರ ಭಾವಮೈದುನರು ಕಾವಲಿಯ ಮುಂದೆ ನಿಂತಿದ್ದರು. ಒಳಗೆ ಎರಡು ಕೊಪ್ಪರಿಗೆ ಹಿಟ್ಟು ಹದವಾಗಿ ಹುದುಗು ಬಂದು ಸಿದ್ಧವಾಗಿತ್ತು. ದೋಸೆ ಹುಯ್ಯುವುದು ಯಾರಿಗಾದರೂ ಬರುತ್ತದೆ, ಹಿಟ್ಟನ್ನು ಆ ಕ್ಷಣಕ್ಕೆ ಯಾರೂ ತರಲಾರರು. ಹೊರಗೆ ಮಂಜಿನಲ್ಲಿ ನಿಂತ ನಮ್ಮವರ ಮೂಗಿಗೆ ದೋಸೆಯ ವಾಸನೆ ಬಡಿಯಿತು.

ಸಂಘದ ಕಾರ್ಯದರ್ಶಿ ಹಿರಿಯ ಸಪ್ಲೈಯರು. ಅವರು ನೇರವಾಗಿ ಸೌದೆ ಕೊಟ್ಟಿಗೆಗೆ ನಡೆದರು. ನಾನೂ ಹಿಂದೆ ಹೋದೆ.

“ಎಂತ ಮಾಡಿದ್ದು ಮಾರಾಯ್ತಿ ನೀನು? ಕೊಪ್ಪರಿಗೆ ತುಂಬಿಸಿಟ್ಟು ಬಂದು ಕೂತಿದ್ದೀಯಲ್ಲ. ಸಾಹುಕಾರರು ನಿನಗೆ ಅಣ್ಣನೋ, ತಮ್ಮನೋ?”

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. “ಬೆಳಗಿಂದ ಕೆಲ್ಸಕ್ಕೆ ಬರಬ್ಯಾಡ ಅಂದ್ರಿ, ಬರ್ನಿಲ್ಲ. ನಿನ್ನೆ ನೆನೆಯಾಕಿದ್ದ ಉದ್ದ ಏನ್ ಮಾಡ್ಬೇಕಿತ್ತು? ಚೆಲ್ಲು ಅಂತ ಒಬ್ರಾದ್ರೂ ಹೇಳಿದ್ರಾ?”

ಯಾರೂ ಹೇಳಿರಲಿಲ್ಲ. ಬೆಳಗಿನ ದೋಸೆ ಹಿಂದಿನ ಮಧ್ಯಾಹ್ನವೇ ಶುರುವಾಗುತ್ತದೆಂಬುದು ಸಭೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಸಭೆ ಸೇರುತ್ತಿದ್ದುದು ಊಟದ ಗಿರಾಕಿಗಳು ಹೋಗಿ ಸಂಜೆಯ ಬಸ್ಸು ಬರುವವರೆಗಿನ ಬಿಡುವಿನಲ್ಲಿ. ಗಂಡಸರ ಆ ಬಿಡುವು ಅವಳು ರುಬ್ಬುವ ಹೊತ್ತಾಗಿತ್ತು. ಅವಳು ಒಂದು ಸಭೆಗೂ ಬಂದಿರಲಿಲ್ಲ, ಬರುವಂತೆಯೂ ಇರಲಿಲ್ಲ.

ಸಂಜೆ ಚಳಿ ಏರುತ್ತಿದ್ದಂತೆ ಒಬ್ಬೊಬ್ಬರಾಗಿ ಒಳಗೆ ಹೋಗಿ ಕ್ಷಮೆ ಕೇಳಿದರು. ಸಾಹುಕಾರರು ಎಲ್ಲರನ್ನೂ ಸೇರಿಸಿಕೊಂಡರು, ಅವಳೊಬ್ಬಳನ್ನು ಬಿಟ್ಟು. ಗಂಡಸರಿಗೆ ತಲೆ ಕೆಟ್ಟಿತ್ತು, ಹೆಂಗಸಿಗೆ ಏನಾಗಿತ್ತು ಎಂದರಂತೆ. ಅವರಿಗೆ ದಂಡಿಸಲು ಒಬ್ಬರು ಬೇಕಿತ್ತು. ಸೋತ ಸಂಘಕ್ಕೂ ದೂರಲು ಒಬ್ಬರು ಬೇಕಿತ್ತು. ಅವಳ ಪರವಾಗಿ ಮಾತನಾಡಿರೆಂದು ನಾನು ಕಾರ್ಯದರ್ಶಿಯನ್ನು ಬೇಡಿದೆ. ಅವರು ಮೇಜು ಒರೆಸುತ್ತಲೇ ಇದ್ದರು. ಸಾಹುಕಾರರ ಬಳಿ ನಾನೇ ಹೋದೆ. ಶಾಲೆಯ ಕೆಲಸ ನೋಡಿಕೊಳ್ಳಿ ಎಂದು ಹೇಳಿ ಕಳುಹಿಸಿದರು.

ಮರುವರ್ಷ ಸಂಘ ಮತ್ತೆ ಎದ್ದು ನಿಂತು ವಾರದ ರಜೆಯನ್ನು ಪಡೆಯಿತು. ಅದು ಸಣ್ಣ ಗೆಲುವಲ್ಲ. ಆದರೆ ರುಬ್ಬುವ ಹೆಂಗಸರು ದಿನಗೂಲಿಯವರು, ಅವರಿಗೆ ರಜೆ ಸಲ್ಲದು ಎಂಬ ಮಾತನ್ನು ಸಂಘ ಸುಮ್ಮನೆ ಒಪ್ಪಿಕೊಂಡಿತು. ಅವಳಂತೂ ಮುಷ್ಕರ ಮುಗಿದ ವಾರವೇ ಮಡಿಕೇರಿಯನ್ನು ಬಿಟ್ಟಿದ್ದಳು.

ಅವಳು ಹೊರಟ ಬೆಳಿಗ್ಗೆ ನಾನು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ಮಗಳನ್ನು ನನ್ನ ಮನೆಯಲ್ಲಿ ಬಿಟ್ಟು ಹೋಗು, ಓದಿಸುತ್ತೇನೆ ಎಂದೆ.

“ಇಬ್ರು ಕಾಫಿ ಕೊಯ್ಯೋ ಪಿಕಿಂಗಿಗೆ ಬಂದ್ರೆ ಕೂಲಿಯೋರ ಲೈನ್‌ನಾಗೆ ಮನೆ ಕೊಡ್ತೀನಿ ಅಂದವ್ರೆ ಎಸ್ಟೇಟಿನ ಲೆಕ್ಕ ಬರೆಯೋ ರೈಟ್ರು. ಒಬ್ಳಿಗೆ ಕೊಡಾಕಿಲ್ವಂತೆ, ಟೀಚರಮ್ಮ.”

ಮಗಳು ಇದನ್ನು ಕೇಳಿಸಿಕೊಂಡಳು. ಚೀಲದಿಂದ ಶಾಲೆಯ ಪುಸ್ತಕವನ್ನು ತೆಗೆದು ನನಗೆ ನೀಡಿದಳು. ನೀನೇ ಇಟ್ಟುಕೋ ಎಂದೆ. ಅದು ಇಸ್ಕೂಲಿಂದು ಎಂದು ನನ್ನ ಕೈಯಲ್ಲಿಟ್ಟು ತಾಯಿಯ ಹಿಂದೆ ಬಸ್ಸು ಹತ್ತಿದಳು.