ಉಸ್ತಾದರಿಗೊಂದು ಬಿರುದು

ಪ್ರೆಸ್ಸಿನ ಮಾಲೀಕನಿಗೆ ಬಿರುದಣ್ಣ ಎಂಬ ಅಡ್ಡಹೆಸರು ಸುಮ್ಮನೆ ಬಿದ್ದದ್ದಲ್ಲ. ಮೂವತ್ತು ವರ್ಷಗಳಿಂದ ಮಸೀದಿಯ ಸಭೆಗಳ ಪೋಸ್ಟರುಗಳನ್ನೆಲ್ಲ ಅಚ್ಚು ಹಾಕಿದವನು ಅವನೇ. ಯಾರು ಬರೀ ಮೌಲಾನಾ, ಯಾರು ಮಹಾಪಂಡಿತರ ಸಾಲಿನ ಅಲ್ಲಾಮಾ, ಯಾರಿಗೆ ಹದೀಸ್ ಪಾಠದ ಹಿರಿಯ ಗುರು ಎಂಬರ್ಥದ ಶೈಖುಲ್ ಹದೀಸ್ ಎಂದು ಹಾಕದಿದ್ದರೆ ಶಿಷ್ಯರು ಪ್ರೆಸ್ಸಿಗೇ ಬಂದು ಕೂರುತ್ತಾರೆ, ಎಲ್ಲವೂ ಅವನಿಗೆ ಬಾಯಿಪಾಠ. ಒಮ್ಮೆ ಹಿರಿಯರೊಬ್ಬರ ಅಲ್ಲಾಮಾ ಕೈತಪ್ಪಿ ಕಿರಿಯರೊಬ್ಬರಿಗೆ ಅಂಟಿಕೊಂಡಿತ್ತು. ಇಬ್ಬರೂ ಸಭೆಗೆ ಬರಲಿಲ್ಲ; ಒಬ್ಬರು ಸಿಟ್ಟಿಗೆ, ಇನ್ನೊಬ್ಬರು ನಾಚಿಕೆಗೆ.

"ಹೆಸರು ಗೇಣುದ್ದ, ಅದರ ಮುಂದಿನ ಮೆರವಣಿಗೆ ಮಾರುದ್ದ" ಎಂದು ಅವನು ಹೆಂಡತಿಯ ಹತ್ತಿರ ಗೊಣಗುತ್ತಿದ್ದ.

ಅವನು ಗೊಣಗದೆ ಗೌರವಿಸುತ್ತಿದ್ದದ್ದು ಒಬ್ಬರನ್ನೇ: ಚಿಕ್ಕಂದಿನಲ್ಲಿ ಕಿವಿ ಹಿಂಡಿ ಓದು ಕಲಿಸಿದ ಉಸ್ತಾದರನ್ನು. ಈಗಿನ ಅಲ್ಲಾಮಾಗಳಲ್ಲಿ ಅರ್ಧ ಜನ ಅವರ ಕೈಯಲ್ಲೇ ಪಳಗಿದವರು. ಉಸ್ತಾದರಿಗೆ ಮಾತ್ರ ಬಿರುದು ಬೇಡ ಎಂದು ಊರಿಗೆಲ್ಲ ಗೊತ್ತು.

ಅವರಿಗೆ ಎಂಬತ್ತು ತುಂಬಿದಾಗ ಶಿಷ್ಯರು ಸನ್ಮಾನ ಇಟ್ಟುಕೊಂಡರು. ಈ ಒಂದು ಪೋಸ್ಟರಾದರೂ ಉಸ್ತಾದರ ಮನಸ್ಸು ತಣಿಸಬೇಕು ಎಂದು ಬಿರುದಣ್ಣ ಹಠ ತೊಟ್ಟ. ಭಾಷಣ ಮಾಡಲಿದ್ದ ಆರು ಜನ ಶಿಷ್ಯರಿಗೆ ಬಿರುದುಗಳ ಮೂಟೆ ಹೊರಿಸಿದ. ಉಸ್ತಾದರ ಹೆಸರನ್ನು ಬರೀ ಹೆಸರಾಗಿಯೇ ಇಟ್ಟ. ಪ್ರೂಫ್ ತೆಗೆದು, ಬೀಗುತ್ತಾ ಅವರ ಮನೆಗೆ ಹೋದ.

ಉಸ್ತಾದರು ಕನ್ನಡಕ ಏರಿಸಿ, ಒಬ್ಬೊಬ್ಬ ಶಿಷ್ಯನ ಬಿರುದಿನ ಮೇಲೂ ಬೆರಳಾಡಿಸಿದರು. ತಮ್ಮ ಹೆಸರಿಗೆ ಬಂದಾಗ ಬೆರಳು ನಿಂತಿತು.

"ಚೆನ್ನಾಗಿದೆ" ಎಂದರು. ಮುಖ ಬಾಡಿತ್ತು.

"ಏನಾದ್ರೂ ಬಿಟ್ಟುಹೋಯ್ತಾ ಉಸ್ತಾದ್?"

"ಬಿಟ್ಟುಹೋಗೋಕೆ ಏನಿತ್ತು? ನಲವತ್ತು ವರ್ಷದ ಹಿಂದೆ ನನ್ನನ್ನ ಅಲ್ಲಾಮಾ ಅಂತ ಕರೀತೀವಿ ಅಂದ್ರು. ಬೇಡ ಅಂದೆ. ಹಾಗನ್ನೋದು ಮರ್ಯಾದೆ ಅಲ್ವೇನೋ? ಆಮೇಲೆ ಒಬ್ಬನಾದ್ರೂ ಎರಡನೇ ಸಲ ಕೇಳಿದ್ನಾ?"

ಬಿರುದಣ್ಣ ಪ್ರೂಫನ್ನು ತನ್ನತ್ತ ಎಳೆದುಕೊಂಡ. ಕಂಡಕಂಡವರಿಗೆಲ್ಲ ಅಲ್ಲಾಮಾ ಹಂಚಿದ ಅವನ ಕೈ ಇವರೊಬ್ಬರ ಪಾಲಿಗೆ ಜಿಪುಣವಾಗಿತ್ತು. ಅದನ್ನೇ ಅವರ ದೊಡ್ಡತನ ಎಂದು ಅವನು ಊರೆಲ್ಲ ಹೊಗಳಿಕೊಂಡು ಬಂದಿದ್ದ.

"ಈಗ ಹಾಕಲಾ?"

"ಬೇಡ ಬಿಡಪ್ಪ, ಈ ವಯಸ್ಸಲ್ಲಿ."

"ಹಾಕ್ತೀನಿ ಉಸ್ತಾದ್. ನಿಮ್ಮ ಕಾಲಿಗೆ ಬೀಳ್ತೀನಿ, ಬೇಡ ಅನ್ನಬೇಡಿ."

ಉಸ್ತಾದರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿದರು.

"ಎಲ್ಲಾ ನಿನ್ನ ಹಠ. ಹಾಕೋದಾದ್ರೆ ಆ ಹುಡುಗರದಕ್ಕಿಂತ ಸಣ್ಣ ಅಕ್ಷರ ಬೇಡ."