ಮಾವ ಕುಳಿತ ಟ್ಯೂಬು

ಎಂಬತ್ತಮೂರನೇ ಇಸವಿಯ ಡೈರಿಯಲ್ಲಿ, ಮೇ ತಿಂಗಳ ಒಂದು ಭಾನುವಾರದ ಕೆಳಗೆ ನಾನು ಬರೆದಿಟ್ಟದ್ದು ಇಷ್ಟೇ: ದೋಣಿಗೆ ಆರು ಜನ, ಹತ್ತಿದವರು ಹತ್ತು, ಟ್ಯೂಬು ಒಂದು.

ಕಾರ್ಕಳದ ಕೆರೆಯಲ್ಲಿ ಆ ರಜೆಯಲ್ಲಿ ದೋಣಿವಿಹಾರಕ್ಕೆ ನೂಕುನುಗ್ಗಲು. ಹುಟ್ಟುಗೋಲಿನಿಂದ ಪಕ್ಕದವರ ಮೇಲೆ ನೀರೆರಚುವವರು, ಬೇಕೆಂದೇ ದೋಣಿಗೆ ದೋಣಿ ಗುದ್ದುವವರು, ಕಡಲೆಸಿಪ್ಪೆ ನೀರಿಗೆ ಚೆಲ್ಲಿ ಅದೇ ನೀರಿನಲ್ಲಿ ಬಾಯಿ ಮುಕ್ಕಳಿಸುವವರು. ದಡದಲ್ಲಿ ನಿಂತು ನೋಡುವಾಗಲೇ ನನಗೆ ಹೇಸಿಗೆಯಾಗಿತ್ತು.

"ಆರು ಜನರಿಗೆ ಮಾತ್ರ, ಧಣಿ. ಉಳಿದವರು ಮುಂದಿನ ಸಲ," ಎಂದ ದೋಣಿಯವ.

"ಒಂದೇ ಮನೆಯವರು ಮಾರಾಯ. ಉಳಿದವರು ದಡದಲ್ಲಿ ಎಂತ ಮಾಡ್ಬೇಕು, ನೊಣ ಹೊಡಿಯುವುದಾ?" ಎಂದು ದುಬೈಯಿಂದ ರಜೆಗೆ ಬಂದಿದ್ದ ಸೋದರಮಾವ ಎಲ್ಲರನ್ನೂ ಹತ್ತಿಸಿದರು. ಹಲಗೆ ಒದ್ದೆಯಾಗಿತ್ತು, ಅವರ ಬಿಳಿ ಪ್ಯಾಂಟು ಹೊಸದು. ನೀರಿಗೆ ಬಿದ್ದವರಿಗೆ ಎಸೆಯಲೆಂದು ಇಟ್ಟಿದ್ದ ಲಾರಿಯ ಟ್ಯೂಬನ್ನು ಎಳೆದುಕೊಂಡು ಅದರ ಮೇಲೆ ಕುಳಿತರು. ಈಜು ಬಾರದ, ಆರು ವರ್ಷದ ನನ್ನ ತಂಗಿ ಅಂಚಿನಲ್ಲಿದ್ದಳು.

"ಯಾರೂ ಏಳ್ಬಾರದು," ಎಂದು ದೋಣಿಯವ ಎರಡು ಸಲ ಹೇಳಿದ. ನಾನು ಎಣಿಸಿದ್ದೇನೆ.

ಕೆರೆಯ ನಡುವೆ ಎದುರಾದ ದೋಣಿಯಲ್ಲಿ ನಮ್ಮ ಶಾಲೆಯ ನಿವೃತ್ತ ಹೆಡ್‌ಮಾಷ್ಟ್ರು ಇದ್ದರು. ಮಾವನಿಗೂ ಅವರೇ ಕಲಿಸಿದ್ದು. ಮಾಷ್ಟ್ರು ಕಂಡರೆ ನಮ್ಮಲ್ಲಿ ಯಾರೂ ಕುಳಿತಿರುವಂತಿಲ್ಲ. ಮಾವ ಕೈಮುಗಿದು ಎದ್ದರು. ಅಜ್ಜಿ ಮತ್ತು ತಂಗಿಯನ್ನು ಬಿಟ್ಟು ನಾವು ಎಂಟು ಜನವೂ ಎದ್ದೆವು. ದೋಣಿ ವಾಲಿತು. ತಂಗಿ ನೀರಿಗೆ ಬಿದ್ದಳು.

"ಟ್ಯೂಬು ಕೊಡಿ," ಎಂದು ದೋಣಿಯವ ಕೂಗಿದ.

ಮಾವ ಹೆದರಿ ಮತ್ತೆ ಅದರ ಮೇಲೆಯೇ ಕುಸಿದಿದ್ದರು. "ತಡಿ ಮಾರಾಯ, ಈಗ ಎದ್ದರೆ ನಾನೂ ಬೀಳ್ತೇನೆ."

ದೋಣಿಯವನೇ ನೀರಿಗೆ ಹಾರಿ, ತಂಗಿಯ ಜಡೆ ಹಿಡಿದು ದೋಣಿಗೆ ಎತ್ತಿದ. ಬಳಿಕ ಮಾವನ ಅಡಿಯಿಂದ ಟ್ಯೂಬು ಕಿತ್ತು ಅವಳಿಗೆ ತೊಡಿಸಿದ. ನೋಡಲು ಹತ್ತಿರ ಬಂದ ದೋಣಿಗಳು ನಾಲ್ಕು. ಹುಟ್ಟು ಚಾಚಿದವರು ಯಾರೂ ಇಲ್ಲ.

ದಡದಲ್ಲಿ ಮಾವ ಅವನನ್ನೇ ಬೈದರು: "ದೋಣಿ ನೆಟ್ಟಗೆ ಹಿಡಿಲಿಕ್ಕೆ ಆಗುದಿಲ್ವಾ ನಿನಗೆ?" ಅವನು ಅಂಗಿ ಬಿಚ್ಚಿ ಹಿಂಡಿದ. ಎದ್ದ ಎಂಟರಲ್ಲಿ ಒಬ್ಬನಾದ ನಾನೂ ತಪ್ಪು ನಮ್ಮದೆನ್ನಲಿಲ್ಲ. ನೆನೆದರೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ಅಷ್ಟರಲ್ಲಿ ಮಾಷ್ಟ್ರ ದೋಣಿಯೂ ದಡಕ್ಕೆ ಬಂತು. ಕುಳಿತಿದ್ದವರೆಲ್ಲ ಎದ್ದರು. ತಂಗಿ ಮಾತ್ರ ಟ್ಯೂಬನ್ನು ತಬ್ಬಿಕೊಂಡು, ನಡುಗುತ್ತ ಕಲ್ಲಿನ ಮೇಲೆಯೇ ಇದ್ದಳು.

"ಏಳು ಮಗಾ, ಮಾಷ್ಟ್ರು ಬಂದ್ರು," ಎಂದರು ಮಾವ.

"ಏಳ್ಬಾರದು ಅಂತ ಅವರು ಹೇಳಿದ್ದಾರೆ," ಎಂದು ಅವಳು ದೋಣಿಯವನತ್ತ ಕೈ ತೋರಿಸಿದಳು.

ನಾನು ಹೋಗಿ ಅವಳ ಪಕ್ಕದಲ್ಲಿ ಕುಳಿತೆ.