ಒಂದೇ ತಗ್ಗಿನಲ್ಲಿ ಎರಡು ಪೈಪು

೧೯೯೭ರಲ್ಲಿ, ಏಳನೆಯ ತರಗತಿಗೇ ನನ್ನ ಓದು ನಿಂತಿತು. ಕೆಲವೇ ವರ್ಷಗಳಲ್ಲಿ ಬರ ಬಿತ್ತು. ಔರಾದ ಬಸ್ ನಿಲ್ದಾಣದಲ್ಲಿ ಪುಣೆ, ಹೈದರಾಬಾದಿಗೆ ಹೊರಟವರ ಗಂಟುಗಳ ನಡುವೆ ಕಾಲಿಡಲು ಜಾಗವಿರುತ್ತಿರಲಿಲ್ಲ. ನಾನೂ ಗಂಟು ಕಟ್ಟಿಟ್ಟಿದ್ದೆ. ಅಷ್ಟರಲ್ಲಿ ಫೋನಿನ ಮಾತನ್ನು ಬೆಳಕಾಗಿ ಸಾಗಿಸುವ ಗಾಜಿನ ಎಳೆಯ ಕೇಬಲ್ ಹಾಕುವ ಕೆಲಸ ಬಂತು.

ಕೆಲಸ ನಡೆಸುತ್ತಿದ್ದವರು ಬೀದರಿನ ಹಿರಿಯರೊಬ್ಬರು. ನಮಗೆಲ್ಲ ಉಸ್ತಾದರು. ಕೂದಲಿನಂಥ ಎರಡು ಎಳೆಗಳನ್ನು ಯಂತ್ರದಲ್ಲಿಟ್ಟು, ಬೆಸುಗೆ ಎಲ್ಲಿದೆಯೆಂದು ಗೊತ್ತಾಗದಂತೆ ಕೂಡಿಸುತ್ತಿದ್ದರು. "ಔರಾದದ ತಗ್ಗು ನೆಟ್ಟಗ ಮುಗಿಸು, ಈ ಮಷೀನ್ ನಿನಗೂ ಕಲಸ್ತೇನಿ," ಎಂದಿದ್ದರು. ಕಲಿತರೆ ಊರು, ಇಲ್ಲದಿದ್ದರೆ ಪುಣೆ.

ಕೇಬಲ್ ಬೀದರ, ಭಾಲ್ಕಿ, ಔರಾದಗಳನ್ನು ಬಳೆಯಂತೆ ಸುತ್ತಬೇಕಿತ್ತು. ಒಂದು ಕಡೆ ಕಡಿದರೆ ಮಾತು ಇನ್ನೊಂದು ಕಡೆಯಿಂದ ಸುತ್ತಿ ಬರಬೇಕು. ಔರಾದ ಹತ್ತಿರವಾದಂತೆ ಕೇಬಲ್ ತೂರಿಸುವ ಭಾಲ್ಕಿ ಕಡೆಯ ಪೈಪು, ಬೀದರ ಕಡೆಯ ಪೈಪು ಅಕ್ಕಪಕ್ಕ ಬಂದವು. ಎರೆಭೂಮಿ ಒಣಗಿ ಕಲ್ಲಾಗಿತ್ತು. ಎರಡನ್ನೂ ಒಂದೇ ತಗ್ಗಿನಲ್ಲಿ ಮಲಗಿಸಿ, ಎರಡು ದಿನ ಮೊದಲೇ ಮುಗಿಸಿದೆನೆಂದು ಎದೆಯುಬ್ಬಿಸಿ ನಿಂತೆ.

ಉಸ್ತಾದರು ಬಗ್ಗಿ ನೋಡಿದರು. "ಅರೇ, ಎರಡೂ ಒಂದೇ ತಗ್ಗಿನ್ಯಾಗ?"

"ಆಳ ನೋಡ್ರಿ ಉಸ್ತಾದ. ನಾ ಕೂತ್ರ ತಲಿ ಕಾಣಂಗಿಲ್ಲ."

"ನಿನ್ನ ತಲಿ ಈಗೂ ಕಾಣವಲ್ದು. ಒಂದು ಬಾವಿ ಬತ್ತೀತು ಅಂತ ಅದರ ದಂಡಿಗೇ ಇನ್ನೊಂದು ತೋಡ್ತಾರೇನೋ?"

ನನಗೆ ಸಿಟ್ಟು ಬಂತು. "ನಾ ಪುಣೆಕ್ಕ ಹೋಗ್ತೇನ್ರಿ."

"ಹೋಗು. ಅಲ್ಲೂ ತಗ್ಗೇ ತೋಡ್ತಿ."

ಹೇಳಿದವರೇ ಇಸ್ತ್ರಿಯ ಅಂಗಿ ಕಳಚಿ, ಮಡಿಸಿ ಯಂತ್ರದ ಪೆಟ್ಟಿಗೆಯ ಮೇಲಿಟ್ಟು, ರಸ್ತೆಯ ಆಚೆ ದಂಡೆಯಲ್ಲಿ ಮೊದಲ ಗುದ್ದಲಿ ಹಾಕಿದರು. ಅಜ್ಜನಾಗಿದ್ದ ಮನುಷ್ಯ. ನಾನು ಅವರ ಕೈಯಿಂದ ಗುದ್ದಲಿ ಕಿತ್ತುಕೊಂಡೆ. ಆರು ದಿನ ಅಗೆದು, ಬೀದರಿನ ಪೈಪನ್ನು ಆ ದಂಡೆಗೆ ಹಾಕಿದೆವು.

ಮುಂದಿನ ಬೇಸಿಗೆ ಮೊದಲಿನ ತಗ್ಗಿದ್ದ ದಂಡೆಯಲ್ಲೇ ಕುಡಿಯುವ ನೀರಿನ ಕೊಳವೆಗೆಂದು ತೋಡುವಾಗ ಭಾಲ್ಕಿಯ ಪೈಪು ಕೇಬಲ್ ಸಮೇತ ಹರಿಯಿತು. ಔರಾದದಿಂದ ಒಬ್ಬ ಗಾಬರಿಯಿಂದ ಫೋನ್ ಮಾಡಿದ: "ಉಸ್ತಾದ, ಲೈನ್ ಕಟ್ ಆಗ್ಯಾದ್ರಿ!"

"ಮತ್ತ ನೀ ಯಾವುದರಾಗ ಮಾತಾಡ್ಲಿಕತ್ತೀಪ್ಪಾ?" ಎಂದು ಉಸ್ತಾದರು ನಕ್ಕರು.

ಹರಿದ ಜಾಗಕ್ಕೆ ಹೋದಾಗ ಯಂತ್ರವನ್ನು ನನ್ನ ಮುಂದೆ ಸರಿಸಿದರು. "ಆಚಿ ತಗ್ಗು ನಿಂದು. ಈಚಿ ಜೋಡಣಿನೂ ನೀನೇ ಮಾಡು." ಗುದ್ದಲಿ ಹಿಡಿದು ಜಡ್ಡುಗಟ್ಟಿದ ಬೆರಳಿಗೆ ಎಳೆ ತಾಗಿದ್ದೇ ತಿಳಿಯಲಿಲ್ಲ. ಮೂರು ಸಲ ಕೆಟ್ಟಿತು. ನಾಲ್ಕನೆಯ ಸಲ ಬೆಳಕು ದಾಟಿತು. ಮನೆಗೆ ಬಂದು ಗಂಟು ಬಿಚ್ಚಿದೆ.

ಆ ಎಳೆಗಳೇ ಇಂದಿಗೂ ನೆಲದಲ್ಲಿವೆ. ತುದಿಯ ಯಂತ್ರಗಳಷ್ಟೇ ಬದಲಾಗಿ, ಹಲವು ಪಟ್ಟು ಹೆಚ್ಚು ಮಾತು ಹೊರುತ್ತಿವೆ. ಈಗ ನನ್ನಲ್ಲಿ ಬೆಸೆಯುವ ಯಂತ್ರ ಎರಡು, ಜೀಪು ಒಂದು, ಕೆಲಸದವರು ಏಳು ಜನ, ಉಸ್ತಾದರ ಗುದ್ದಲಿ ಒಂದು.